ಡಿಟೆಕ್ಟರ್‌ನಲ್ಲಿ ಸಿಕ್ಕ ಫೈಲ್ ಎಣಿಸಿ ಎಷ್ಟು ಬಾವಲಿ ಇವೆ ಅಂತ ಹೇಳಬಹುದಾ?

ಸೀದಾ ಉತ್ತರ ಬೇಕಂದ್ರೆ, ಹೇಳಕ್ಕಾಗಲ್ಲ. ನೀವು ಕೇಳಿರೋದು ಇಷ್ಟು: ಎಂಎಸ್ಸಿ ಪ್ರಾಜೆಕ್ಟ್‌ಗೆ ಅಂತ ಕೆರೆ ದಂಡೇಲಿ ಒಂದು ಡಿಟೆಕ್ಟರ್ (ನಮ್ಮ ಕಿವಿಗೆ ಕೇಳದ ಬಾವಲಿ ಕೂಗನ್ನ ಹಿಡಿದು, ಕೂಗು ಬಂದಾಗೆಲ್ಲ ಒಂದು ಫೈಲ್ ಮಾಡೋ ರೆಕಾರ್ಡರ್), ಕಾಡಿನ ಒಳಗೆ ಇನ್ನೊಂದು ಇಟ್ರಿ, ಒಂದು ತಿಂಗಳಲ್ಲಿ ಕೆರೆ ಹತ್ರ 6000 ಫೈಲ್ ಬಂತು, ಕಾಡಲ್ಲಿ 1500 ಬಂತು, ಹಾಗಾದ್ರೆ ಕೆರೆ ಹತ್ರ ನಾಲ್ಕು ಪಟ್ಟು ಬಾವಲಿ ಇವೆ ಅಂತ ಬರೀಬಹುದಾ, ಸಾಫ್ಟ್‌ವೇರ್ ಕೊಟ್ಟ ಸ್ಪೀಶೀಸ್ ಹೆಸರುಗಳನ್ನ ಹಾಗೇ ಟೇಬಲ್‌ಗೆ ಹಾಕಬಹುದಾ ಅಂತ. ಎರಡೂ ಬೇಡ. ಆದ್ರೆ ಅದೇ ಡೇಟಾದಿಂದ ಬೇರೆ ಒಳ್ಳೆ ವಿಷಯ ತೆಗೀಬಹುದು, ಅದನ್ನೂ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲ ಕಾರಣ ನಿಮಗೂ ಹೊಳೆದಿರುತ್ತೆ. ಒಂದೇ ಬಾವಲಿ ನೀರಿನ ಮೇಲೆ ಸುತ್ತು ಹೊಡೀತಾ ಅರ್ಧ ರಾತ್ರಿ ಬೇಟೆ ಆಡಿದ್ರೆ ನೂರಾರು ಫೈಲ್ ಆಗುತ್ತೆ, ನೂರು ಬಾವಲಿ ಒಂದೊಂದು ಸಲ ಹಾದು ಹೋದ್ರೂ ನೂರು ಫೈಲೇ ಆಗೋದು. ಕೂಗು ಕೇಳಿ ಇದು ಅದೇ ಬಾವಲಿ, ಇದು ಬೇರೆ ಬಾವಲಿ ಅಂತ ಬೇರೆ ಮಾಡೋ ವಿಧಾನ ಫೀಲ್ಡ್ ರೆಕಾರ್ಡಿಂಗ್‌ಗೆ ಇಲ್ಲ. ಅದಕ್ಕೇ ನಾವು ಯಾವಾಗ್ಲೂ ಆಕ್ಟಿವಿಟಿ, ಅಂದ್ರೆ ಓಡಾಟ ಎಷ್ಟು ಅಂತೀವಿ, ಸಂಖ್ಯೆ ಅನ್ನಲ್ಲ.

ಎರಡನೇ ಕಾರಣ ಇನ್ನೂ ಮುಖ್ಯ, ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ. ಗಾಳಿಯಲ್ಲಿ ಹೈ ಫ್ರೀಕ್ವೆನ್ಸಿ ಶಬ್ದ ಬೇಗ ಕರಗಿಹೋಗುತ್ತೆ, ತೇವಾಂಶ ಮತ್ತೆ ಉಷ್ಣತೆ ಬದಲಾದ್ರೆ ಆ ಕರಗೋ ಪ್ರಮಾಣಾನೂ ಬದಲಾಗುತ್ತೆ. ಬಯಲಲ್ಲಿ ಎತ್ತರಕ್ಕೆ ಹಾರೋ ಜಾತಿಗಳು ಸುಮಾರು 20 ಕಿಲೋಹರ್ಟ್ಸ್ ಆಸುಪಾಸಲ್ಲಿ ಜೋರಾಗಿ ಕೂಗ್ತಾವೆ, ಯುರೋಪಿನ ನಾಕ್ಟೂಲ್ ಬಾವಲಿ ನೂರು ಮೀಟರ್ ದೂರದಿಂದಲೂ ಮೈಕ್‌ಗೆ ಸಿಗುತ್ತೆ. ಉದ್ದ ಕಿವಿಯ ಪ್ಲೆಕೋಟಸ್ ಬಾವಲಿ ಪಿಸುಗುಟ್ಟೋ ಜಾತಿ, ಅದು ಮೈಕ್‌ಗೆ ಐದಾರು ಮೀಟರ್ ಹತ್ರ ಬಂದ್ರೇನೇ ಸಿಗೋದು. ಚಿಕ್ಕ ಹಾರ್ಸ್‌ಶೂ ಬಾವಲಿ ಕೂಗೋದು 110 ಕಿಲೋಹರ್ಟ್ಸ್ ಹತ್ರ, ಅದೂ ಒಂದೇ ದಿಕ್ಕಿಗೆ, ಆಚೆ ಮುಖ ಮಾಡಿ ಹಾರ್ತಿದ್ರೆ ಪಕ್ಕದಲ್ಲೇ ಇದ್ರೂ ಸರಿಯಾಗಿ ರೆಕಾರ್ಡ್ ಆಗಲ್ಲ. ಈಗ ಯೋಚನೆ ಮಾಡಿ, ಕೆರೆ ಅಂದ್ರೆ ಬಯಲು, ಅಲ್ಲಿ ಜೋರು ಕೂಗಿನ ಜಾತಿಗಳು, ಅಡ್ಡ ಏನೂ ಇಲ್ಲ. ಕಾಡೊಳಗೆ ಎಲೆ, ಕೊಂಬೆ, ಮೆತ್ತಗೆ ಕೂಗೋ ಜಾತಿಗಳು. ಕಾಡಿನ ಆ 1500 ಫೈಲ್ ಬಂದಿರೋದು ಕೆಲವೇ ಮೀಟರ್ ಜಾಗದಿಂದ ಇರಬಹುದು, ಕೆರೆಯ 6000 ಬಂದಿರೋದು ಅದರ ಎಷ್ಟೋ ಪಟ್ಟು ದೊಡ್ಡ ಜಾಗದಿಂದ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು.

ಈ ಮೈಕ್ ಸಮಸ್ಯೆ ಹೊಸದೇನಲ್ಲ, ಬಾವಲಿ ವಿಜ್ಞಾನ ಶುರುವಾಗಿದ್ದೇ ಇದರ ಜೊತೆ. 1790ರ ದಶಕದಲ್ಲಿ ಇಟಲಿಯ ವಿಜ್ಞಾನಿ ಸ್ಪಲ್ಲಾಂಜಾನಿ ಕಣ್ಣು ಕಳೆದ ಬಾವಲಿಗಳೂ ಅಡೆತಡೆ ತಪ್ಪಿಸಿ ಆರಾಮಾಗಿ ಹಾರೋದನ್ನ ನೋಡಿದ್ರು, ಜಿನೀವಾದ ಸರ್ಜನ್ ಲೂಯಿ ಜ್ಯೂರಿನ್ ಕಿವಿ ಮುಚ್ಚಿ ನೋಡಿದಾಗ ಅವು ಡಿಕ್ಕಿ ಹೊಡೆದ್ವು, ಸ್ಪಲ್ಲಾಂಜಾನಿ ತಾವೂ ಮತ್ತೆ ಮಾಡಿ ಹೌದು ಅಂತ ಒಪ್ಪಿಕೊಂಡ್ರು. ಆದ್ರೆ ಬಾವಲಿ ಹಾರುವಾಗ ಯಾರ ಕಿವಿಗೂ ಏನೂ ಕೇಳಿಸ್ತಿರಲಿಲ್ಲ, ಆ ಕಾಲದ ದೊಡ್ಡ ಹೆಸರು, ಫ್ರಾನ್ಸಿನ ಪ್ರಾಣಿವಿಜ್ಞಾನಿ ಕ್ಯುವಿಯೇ, ರೆಕ್ಕೆಯ ಸ್ಪರ್ಶದಿಂದಲೇ ಎಲ್ಲ ಗೊತ್ತಾಗುತ್ತೆ ಅಂದುಬಿಟ್ರು, ವಿಷಯ ಶತಮಾನಕ್ಕೂ ಮೇಲೆ ಮೂಲೆಗೆ ಬಿತ್ತು. 1938ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನ ಭೌತವಿಜ್ಞಾನಿ ಜಾರ್ಜ್ ಪಿಯರ್ಸ್ ಹತ್ರ ಇದ್ದ ಅಲ್ಟ್ರಾಸೌಂಡ್ ಹಿಡಿಯೋ ಯಂತ್ರದ ಮುಂದೆ ತಗೊಂಡು ಹೋದಾಗ ಮೊದಲ ಸಲ ಆ ಕೂಗು ಸಿಕ್ತು. ಇಲ್ಲೇ ಇರೋದು ನಿಮಗೆ ಬೇಕಾದ ವಿಷಯ. ಕೈಯಲ್ಲಿ ಹಿಡಿದಿದ್ದ ಬಾವಲಿಯ ಕೂಗು ಸಿಕ್ತು, ಕೋಣೇಲಿ ಹಾರೋಕೆ ಬಿಟ್ಟಾಗ ಯಂತ್ರ ಹೆಚ್ಚುಕಮ್ಮಿ ಸುಮ್ನಿತ್ತು, ಹಾಗಾಗಿ ಈ ಕೂಗನ್ನ ದಾರಿ ಹುಡುಕೋಕೆ ಬಳಸ್ತಾವೆ ಅಂತ ಹೇಳೋಕೆ ಆ ಮೊದಲ ಪೇಪರ್‌ನಲ್ಲಿ ಅವರಿಗೆ ಧೈರ್ಯ ಬರಲಿಲ್ಲ. ಕಾರಣ, ಮೈಕ್ ಒಂದೇ ದಿಕ್ಕಿನ ಶಬ್ದ ಹಿಡೀತಿತ್ತು, ಬಾವಲಿ ಕೂಗೂ ಒಂದೇ ದಿಕ್ಕಿಗೆ ಹೋಗ್ತಿತ್ತು, ಎರಡೂ ಎದುರುಬದುರು ಆದಾಗ ಮಾತ್ರ ಸಿಗ್ತಿತ್ತು. ಆಮೇಲೆ ರಾಬರ್ಟ್ ಗ್ಯಾಲಂಬೋಸ್ ಜೊತೆ ಸೇರಿ ಬಾವಲಿಯ ಬಾಯಿ ಮುಚ್ಚಿ, ಕಿವಿ ಮುಚ್ಚಿ, ದಾರಿಗೆ ಅಡ್ಡ ತಂತಿ ಕಟ್ಟಿ ಪ್ರಯೋಗ ಮಾಡಿದ ಮೇಲೇನೇ ವಿಷಯ ಗಟ್ಟಿಯಾಗಿದ್ದು, ಎಕೋಲೊಕೇಶನ್ (ಕೂಗಿನ ಪ್ರತಿಧ್ವನಿ ಕೇಳಿ ದಾರಿ ಹುಡುಕೋದು, ಸೋನಾರ್ ಅಂತಾನೂ ಅಂತೀವಿ) ಅನ್ನೋ ಹೆಸರು ಬಂದಿದ್ದು 1944ರಲ್ಲಿ. ಅಷ್ಟು ದೊಡ್ಡ ಸಂಶೋಧಕರ ಎದುರಿಗೇ ಬಾವಲಿ ಕೂಗ್ತಾ ಹಾರ್ತಿತ್ತು, ಮೈಕ್ ಇಲ್ಲ ಅಂತಿತ್ತು. ಹಾಗಾಗಿ ನಿಮ್ಮ ಡಿಟೆಕ್ಟರ್‌ನಲ್ಲಿ ಒಂದು ಜಾತಿ ಬರಲಿಲ್ಲ ಅಂದ್ರೆ ಆ ಜಾತಿ ಅಲ್ಲಿಲ್ಲ ಅಂತ ದಯವಿಟ್ಟು ಬರೀಬೇಡಿ. ಹಣ್ಣು ತಿನ್ನೋ ದೊಡ್ಡ ಬಾವಲಿಗಳಂತೂ ಗಂಟಲಿಂದ ಸೋನಾರ್ ಕೂಗು ಹಾಕೋದೇ ಇಲ್ಲ, ರೌಸೆಟಸ್ ಕುಲದವು ಮಾತ್ರ ನಾಲಿಗೆಯಿಂದ ಕ್ಲಿಕ್ ಮಾಡ್ತಾವೆ, ಉಳಿದವು ಮರದ ತುಂಬ ನೇತಾಡ್ತಿದ್ರೂ ಡಿಟೆಕ್ಟರ್ ಲೆಕ್ಕದಲ್ಲಿ ಅವು ಸೊನ್ನೆ.

ಇನ್ನು ಸಾಫ್ಟ್‌ವೇರ್ ಹೆಸರುಗಳು. ಹಕ್ಕಿ ಹಾಡಿನ ಥರ ಪ್ರತಿ ಜಾತಿಗೂ ಒಂದು ರಾಗ ಇರುತ್ತೆ ಅಂದ್ಕೊಂಡು ತುಂಬ ಜನ ಈ ಕೆಲಸಕ್ಕೆ ಬರ್ತಾರೆ, ಸೋನಾರ್ ಕೂಗು ಹಾಗಲ್ಲ. ಅದು ಸುತ್ತಮುತ್ತ ಏನಿದೆ ಅಂತ ಅಳೆಯೋ ಸಾಧನ, ಜಾಗ ಬದಲಾದ್ರೆ ಕೂಗೂ ಬದಲಾಗುತ್ತೆ. ಅದೇ ಬಾವಲಿ ಬಯಲಲ್ಲಿದ್ದಾಗ ಉದ್ದ, ಸ್ಪೆಕ್ಟ್ರೋಗ್ರಾಂನಲ್ಲಿ (ಶಬ್ದದ ಚಿತ್ರ, ಸಮಯಕ್ಕೆ ತಕ್ಕ ಹಾಗೆ ಫ್ರೀಕ್ವೆನ್ಸಿ ತೋರಿಸೋದು) ಹೆಚ್ಚುಕಮ್ಮಿ ಮಟ್ಟಸವಾಗಿ ಕಾಣೋ ಕೂಗು ಹಾಕುತ್ತೆ, ಕೊಂಬೆಗಳ ಮಧ್ಯ ಬಂದಾಗ ಚಿಕ್ಕ, ಮೇಲಿಂದ ಕೆಳಗೆ ಸರ್ರನೆ ಇಳಿಯೋ ಕೂಗು ಹಾಕುತ್ತೆ. ಮಯೋಟಿಸ್ ಕುಲದ ಜಾತಿಗಳು ಎಷ್ಟು ಒಂದರ ಮೇಲೊಂದು ಬೀಳ್ತಾವೆ ಅಂದ್ರೆ ಅನುಭವ ಇರೋರೂ ಮಯೋಟಿಸ್ ಅಂತ ಬರೆದು ಅಲ್ಲಿಗೇ ನಿಲ್ಲಿಸ್ತಾರೆ. ಸಾಫ್ಟ್‌ವೇರ್‌ಗೆ ಗೊತ್ತಿರೋದು ಅದಕ್ಕೆ ಕಲಿಸೋಕೆ ಬಳಸಿದ ರೆಕಾರ್ಡಿಂಗ್ ಲೈಬ್ರರಿಯಲ್ಲಿದ್ದ ಜಾತಿಗಳು ಮಾತ್ರ, ನಿಮ್ಮ ಜಾಗದ ಜಾತಿ ಅದರಲ್ಲಿಲ್ಲ ಅಂದ್ರೆ ಗೊತ್ತಿಲ್ಲ ಅನ್ನೋ ಬದಲು ಹತ್ತಿರದ್ದೊಂದು ಹೆಸರು ಹಚ್ಚಿಬಿಡೋ ಸಾಧ್ಯತೆ ತುಂಬ ಇದೆ. ನಾನು ಮಾಡೋದು ಹೀಗೆ: ಸಾಫ್ಟ್‌ವೇರನ್ನ ಫೈಲ್ ವಿಂಗಡಿಸೋಕೆ ಮಾತ್ರ ಬಿಡ್ತೀನಿ, ಪ್ರತಿ ಹೆಸರಿನಲ್ಲೂ ಒಂದಷ್ಟು ಫೈಲ್ ಸುಮ್ನೆ ಆರಿಸಿ ಕಣ್ಣಲ್ಲಿ ನೋಡ್ತೀನಿ, ಒಂದೋ ಎರಡೋ ಫೈಲ್ ಮೇಲೆ ನಿಂತಿರೋ ಅಪರೂಪದ ಜಾತಿ ಏನಾದ್ರೂ ಬಂದಿದ್ರೆ ಆ ಎಲ್ಲವನ್ನೂ ನೋಡ್ತೀನಿ. ಗುಂಪಿನ ಮಟ್ಟದಲ್ಲಿ ಹೆಸರು ಕೊಡೋದು ಅವಮಾನ ಅಲ್ಲ, ಅದೇ ಪ್ರಾಮಾಣಿಕ ಕೆಲಸ.

ಹಾಗಾದ್ರೆ ಬಾವಲಿ ಎಣಿಸೋದು ಹೇಗೆ ಅಂತ ಕೇಳ್ತೀರಿ. ಅವು ತಂಗೋ ಜಾಗಕ್ಕೆ ಹೋಗಿ, ಸಂಜೆ ಹೊರಗೆ ಬರುವಾಗ ಎಣಿಸೋದು. ಚಿಕ್ಕ ಗುಂಪಾದ್ರೆ ಕಣ್ಣು, ಕೈಯಲ್ಲೊಂದು ಕೌಂಟರ್ ಸಾಕು. ದೊಡ್ಡದಾದ್ರೆ ಥರ್ಮಲ್ ಕ್ಯಾಮೆರಾ ಬೇಕು. ಕಣ್ಣಂದಾಜು ಎಷ್ಟು ಮೋಸ ಮಾಡಬಹುದು ಅನ್ನೋದಕ್ಕೆ ಅಮೆರಿಕದ ಮೆಕ್ಸಿಕನ್ ಫ್ರೀ ಟೇಲ್ಡ್ ಬಾವಲಿಗಳ ಕಥೆ ಓದಿ. ನೈರುತ್ಯ ಅಮೆರಿಕದ ಆರು ದೊಡ್ಡ ಗುಹೆಗಳಲ್ಲಿ ಸೇರಿ 5.4 ಕೋಟಿ ಬಾವಲಿ ಇವೆ ಅನ್ನೋ ಅಂದಾಜು 1957ರಿಂದ ಓಡಾಡ್ತಿತ್ತು, 2008ರಲ್ಲಿ ಪ್ರಕಟವಾದ ಕೆಲಸದಲ್ಲಿ ಥರ್ಮಲ್ ವಿಡಿಯೋ ಹಿಡಿದು ಕಂಪ್ಯೂಟರ್‌ನಿಂದ ಒಂದೊಂದೇ ಬಾವಲಿ ಟ್ರ್ಯಾಕ್ ಮಾಡಿ ಎಣಿಸಿದಾಗ ಸಿಕ್ಕಿದ್ದು 40 ಲಕ್ಷದ ಆಸುಪಾಸು. ನಡುವೆ ಬಾವಲಿ ಕಮ್ಮಿ ಆದ್ವಾ, ಹಳೇ ಅಂದಾಜೇ ಅತಿ ಆಗಿತ್ತಾ ಅಂತ ಆ ಹಳೇ ಸಂಖ್ಯೆಯಿಂದ ಬೇರೆ ಮಾಡಕ್ಕಾಗಲ್ಲ, ನನಗೆ ಇದೇ ನಿಜವಾಗ್ಲೂ ಸಂಕಟ ಆಗೋ ವಿಷಯ, ಯಾಕಂದ್ರೆ ಮೂಲ ಲೆಕ್ಕ ಸರಿ ಇಲ್ಲದೇ ಹೋದ್ರೆ ಒಂದು ಪ್ರಾಣಿ ನಾಶ ಆಗ್ತಿದೆಯೋ ಇಲ್ವೋ ಅನ್ನೋದೇ ತಿಳಿಯಲ್ಲ. ಇದೇ ಥರ ಒಂದು ಬಾವಲಿ ಗಂಟೆಗೆ 1000 ಸೊಳ್ಳೆ ತಿನ್ನುತ್ತೆ ಅಂತ ಎಲ್ಲಾ ಕಡೆ ಓದ್ತೀರಲ್ಲ, ಅದರ ಬೇರು ಗ್ರಿಫಿನ್ ತಂಡ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ, ಮುಚ್ಚಿದ ಕೋಣೇಲಿ ಸೊಳ್ಳೆ ಬಿಟ್ಟು ಕೆಲವು ನಿಮಿಷ ನೋಡಿದ್ದು, ಆ ನಿಮಿಷಗಳನ್ನ ಗಂಟೆಗೆ ಗುಣಿಸಿ ಹೊರಗಡೆಯ ರಾತ್ರಿಗೆ ಅಂಟಿಸಿದ್ದು ಆಮೇಲಿನವರು. ಈಗ ಹಿಕ್ಕೆಯಲ್ಲಿರೋ ಡಿಎನ್‌ಎ ನೋಡಿ ಯಾವ್ಯಾವ ಕೀಟ ತಿಂದಿವೆ ಅಂತ ಪಟ್ಟಿ ಮಾಡಬಹುದು, ತುಂಬ ಒಳ್ಳೇ ವಿಧಾನ, ಆದ್ರೆ ಅದೂ ಯಾವುದು ಅಂತ ಹೇಳುತ್ತೆ, ಎಷ್ಟು ಅಂತ ನೆಚ್ಚಿಕೊಳ್ಳೋ ಹಾಗೆ ಹೇಳಲ್ಲ.

ಬಲೆ ಹಾಕೋದರ ಬಗ್ಗೆ ಕಾಮೆಂಟ್‌ನಲ್ಲಿ ಯಾರೋ ನಿಮಗೆ ಸಲಹೆ ಕೊಟ್ಟಿದಾರೆ, ಹಾಗಾಗಿ ಹೇಳಲೇಬೇಕು. ಮಿಸ್ಟ್ ನೆಟ್ (ತೆಳ್ಳನೆಯ ಬಲೆ), ಹಾರ್ಪ್ ಟ್ರ್ಯಾಪ್‌ನಿಂದ (ಸಾಲಾಗಿ ದಾರ ಬಿಗಿದ ಚೌಕಟ್ಟು) ಸಿಗೋ ಮಾಹಿತಿ ಬೇರೆ ಯಾವುದರಿಂದಲೂ ಸಿಗಲ್ಲ, ಅದು ನಿಜ. ಮುಂಗೈ ಮೂಳೆಯ ಉದ್ದ, ತೂಕ, ಗಂಡೋ ಹೆಣ್ಣೋ, ಬಸುರಿಯೋ ಹಾಲುಣಿಸ್ತಿದೆಯೋ, ರೆಕ್ಕೆ ಬಿಡಿಸಿ ಹಿಂದಿನಿಂದ ಟಾರ್ಚ್ ಹಿಡಿದ್ರೆ ಬೆರಳ ಗಂಟಿನಲ್ಲಿ ಇನ್ನೂ ಮೂಳೆಯಾಗದ ಭಾಗ ಬೆಳಕು ಬಿಡುತ್ತೆ, ಅದರಿಂದ ಈ ವರ್ಷದ ಮರಿ ಅಂತ ಗೊತ್ತಾಗುತ್ತೆ. ಸೈಬೀರಿಯಾದಲ್ಲಿ ರಿಂಗ್ ಹಾಕಿ ಬಿಟ್ಟಿದ್ದ ಬ್ರಾಂಟ್ಸ್ ಬಾವಲಿಯ ಒಂದು ಗಂಡು 41 ವರ್ಷ ಆದ್ಮೇಲೆ ಜೀವಂತ ಸಿಕ್ತು, ಏಳು ಗ್ರಾಂ ಅಷ್ಟೇ ತೂಗೋ ಪ್ರಾಣಿ, ಯಾರೋ ಅದನ್ನ ಒಂದು ದಿನ ಸರಿಯಾಗಿ ಕೈಯಲ್ಲಿ ಹಿಡಿದು ಜೋಪಾನವಾಗಿ ಬಿಟ್ಟಿದ್ದಕ್ಕೆ ನಮಗಿದು ಗೊತ್ತಾಯ್ತು. ಆದ್ರೆ ಬಲೆಗೂ ಅದರದೇ ಓರೆ ಇದೆ, ಎತ್ತರಕ್ಕೆ ಹಾರೋವು ಬೀಳಲ್ಲ, ಸೋನಾರ್ ಚುರುಕಿರೋವು ಬಲೆಯನ್ನೇ ಗುರುತು ಹಿಡಿದು ತಿರುಗ್ತಾವೆ. ಮತ್ತೆ ಅನುಮತಿ ಇಲ್ಲದೆ, ರೇಬಿಸ್ ಲಸಿಕೆ ಮುಂಚೆನೇ ಹಾಕಿಸ್ಕೊಳ್ಳದೆ, ಕೈಗವಸಿಲ್ಲದೆ, ಕಲಿಸೋರು ಪಕ್ಕದಲ್ಲಿಲ್ಲದೆ ಬಾವಲಿ ಮುಟ್ಟಲೇಬೇಡಿ. ಇದು ನಿಮ್ಮೊಬ್ಬರ ಸುರಕ್ಷೆಯ ಮಾತಲ್ಲ. ಹೆಚ್ಚಿನ ಜಾತಿಗಳು ವರ್ಷಕ್ಕೆ ಒಂದೇ ಮರಿ ಹಾಕೋದು, ಒಂದು ಬಸುರಿ ಬಾವಲಿ ಬಲೇಲಿ ಒದ್ದಾಡಿ ಸತ್ರೆ ಆ ಗುಂಪಿಗೆ ಅದು ದೊಡ್ಡ ನಷ್ಟ. ಗುಹೆಯಿಂದ ಗುಹೆಗೆ ಹೋಗುವಾಗ ಬಟ್ಟೆ, ಬೂಟು, ಸಲಕರಣೆ ಎಲ್ಲಾ ಸೋಂಕು ಕಳೆಯೋದು ಯಾಕೆ ಅಂತ ಗೊತ್ತಾಗಬೇಕಂದ್ರೆ ವೈಟ್ ನೋಸ್ ಸಿಂಡ್ರೋಮ್ ಬಗ್ಗೆ ಓದಿ. ಯುರೇಷ್ಯಾದಿಂದ ಬಂದ ಒಂದು ಶಿಲೀಂಧ್ರ, ನ್ಯೂಯಾರ್ಕ್ ರಾಜ್ಯದ ಗುಹೆಗಳಲ್ಲಿ 2006-07ರ ಚಳಿಗಾಲದಲ್ಲಿ ಬೆಳಕಿಗೆ ಬಂತು, ಚಳಿಗಾಲದ ನಿದ್ದೆಯಲ್ಲಿರೋ ಬಾವಲಿಯ ಮೂತಿ, ರೆಕ್ಕೆ ಮೇಲೆ ಬೆಳೆದು ಅದನ್ನ ಮತ್ತೆ ಮತ್ತೆ ಎಬ್ಬಿಸುತ್ತೆ, ಕೂಡಿಟ್ಟ ಕೊಬ್ಬು ವಸಂತಕ್ಕೆ ಮುಂಚೆನೇ ಖಾಲಿಯಾಗಿ ಸಾಯ್ತಾವೆ, ಲಕ್ಷಾಂತರ ಬಾವಲಿ ಹೀಗೇ ಹೋದ್ವು.

ಈಗ ನಿಮ್ಮ 7500 ಫೈಲ್ ವಿಷಯ. ಎಷ್ಟು ಅನ್ನೋ ಪ್ರಶ್ನೆ ಬಿಟ್ಟು ಯಾವಾಗ, ಯಾವ ಗುಂಪು, ಏನು ಮಾಡ್ತಿದ್ವು ಅಂತ ಕೇಳಿ, ತುಂಬ ಸಿಗುತ್ತೆ. ಮೊದಲು ಫೈಲ್ ಎಣಿಕೆ ಬಿಟ್ಟು ನಿಮಿಷ ಎಣಿಸಿ, ಅಂದ್ರೆ ರಾತ್ರಿಯ ಎಷ್ಟು ನಿಮಿಷಗಳಲ್ಲಿ ಆ ಗುಂಪು ಒಂದು ಸಲನಾದ್ರೂ ಬಂದಿದೆ ಅಂತ, ಆಗ ಒಂದೇ ಬಾವಲಿ ಸುತ್ತಿದ್ದರಿಂದ ಉಬ್ಬಿದ ಸಂಖ್ಯೆ ಸ್ವಲ್ಪ ಇಳಿಯುತ್ತೆ. ಆಮೇಲೆ ಫೀಡಿಂಗ್ ಬಜ್ ಹುಡುಕಿ. ಕೀಟ ಹಿಡಿಯೋ ಕೊನೇ ಕ್ಷಣದಲ್ಲಿ ಕೂಗುಗಳು ಸೆಕೆಂಡಿಗೆ 150 ದಾಟಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಬರ್ತಾವೆ, ಸ್ಪೆಕ್ಟ್ರೋಗ್ರಾಂನಲ್ಲಿ ನೋಡಿದ ತಕ್ಷಣ ಕಣ್ಣಿಗೆ ಬೀಳುತ್ತೆ. ಬಜ್ ಇದ್ರೆ ಅದು ಬೇಟೆ ಜಾಗ, ಹಾದುಹೋಗೋ ಕೂಗು ಮಾತ್ರ ಇದ್ರೆ ಅದು ದಾರಿ ಇರಬಹುದು. ಕೆರೆ ಊಟದ ಜಾಗ, ಕಾಡೊಳಗಿನ ಜಾಗ ಓಡಾಡೋ ದಾರಿ ಅಂತ ತೋರಿಸೋಕೆ ಆದ್ರೆ ಅದು ನಾಲ್ಕು ಪಟ್ಟು ಅನ್ನೋ ಮಾತಿಗಿಂತ ಎಷ್ಟೋ ಗಟ್ಟಿ ಕೆಲಸ. ಹೋಲಿಕೆ ಮಾಡೋದಾದ್ರೆ ಒಂದೇ ಜಾಗ, ಒಂದೇ ಜಾತಿಗುಂಪು, ಬೇರೆ ಬೇರೆ ರಾತ್ರಿ ಹೋಲಿಸಿ, ಅದು ನ್ಯಾಯವಾದ ಹೋಲಿಕೆ. ಬ್ರಿಟನ್‌ನಲ್ಲಿ ಚಿಕ್ಕ ಹಾರ್ಸ್‌ಶೂ ಬಾವಲಿಗಳು ದಿನಾ ಹಾರೋ ಬೇಲಿಸಾಲಿನಲ್ಲಿ ಬೀದಿದೀಪದ ಥರ ದೀಪ ಹಾಕಿ ನೋಡಿದ್ರು, ದೀಪ ಇದ್ದ ರಾತ್ರಿ ಓಡಾಟ ಪೂರಾ ಕುಸಿದು ಶುರುವಾಗೋದೂ ತಡ ಆಯ್ತು, 2009ರಲ್ಲಿ ಪ್ರಕಟ ಆಯ್ತು. ಅಲ್ಲಿ ಎಷ್ಟು ಬಾವಲಿ ಇದ್ವು ಅನ್ನೋ ಲೆಕ್ಕ ಬೇಕಾಗಲೇ ಇಲ್ಲ, ಆಕ್ಟಿವಿಟಿ ಒಂದೇ ಸಾಕಾಯ್ತು. ಬಾವಲಿಗಳು ಬಡಿದು ಸಾಯೋ ಗಾಳಿಯಂತ್ರಗಳ (ವಿಂಡ್ ಟರ್ಬೈನ್) ವಿಷಯದಲ್ಲೂ ಅಷ್ಟೇ, ಬಾವಲಿಗಳ ಓಡಾಟ ಗಾಳಿ ಕಮ್ಮಿ ಇರೋ ರಾತ್ರಿಗಳಲ್ಲಿ ಜಾಸ್ತಿ ಅಂತ ಗೊತ್ತಾಗಿದ್ದಕ್ಕೆ ಆ ಹೊತ್ತಲ್ಲಿ ಯಂತ್ರ ನಿಲ್ಲಿಸಿ ನೋಡೋ ಯೋಚನೆ ಬಂತು, ಪೆನ್ಸಿಲ್ವೇನಿಯಾದ ಪ್ರಯೋಗದಲ್ಲಿ ಸಾವು ಶೇಕಡ 44ರಿಂದ 93ರಷ್ಟು ಕಮ್ಮಿ ಆಯ್ತು.

ರಿಪೋರ್ಟ್‌ನಲ್ಲಿ ಹೀಗೆ ಬರೀರಿ: ಕೆರೆ ದಂಡೆಯಲ್ಲಿ ಇಂತಿಂಥ ಕೂಗುಗುಂಪುಗಳ ಆಕ್ಟಿವಿಟಿ ರಾತ್ರಿಗೆ ಸರಾಸರಿ ಇಷ್ಟು ನಿಮಿಷ, ಅದರಲ್ಲಿ ಬಜ್ ಇದ್ದದ್ದು ಇಷ್ಟು, ಕಾಡಿನೊಳಗೆ ಇಷ್ಟು, ಎರಡೂ ಕಡೆ ಮೈಕ್ ಹಿಡಿಯೋ ದೂರ ಬೇರೆ ಇರೋದರಿಂದ ನೇರ ಹೋಲಿಕೆ ಮಾಡಿಲ್ಲ. ಕೊನೇ ವಾಕ್ಯ ಬಿಡಬೇಡಿ. ಒರಿಜಿನಲ್ ವೇವ್ ಫೈಲ್‌ಗಳನ್ನ, ನಾಯ್ಸ್ ಅಂತ ಸಾಫ್ಟ್‌ವೇರ್ ಪಕ್ಕಕ್ಕೆ ಹಾಕಿದ್ದನ್ನೂ ಸೇರಿಸಿ, ಡಿಲೀಟ್ ಮಾಡಬೇಡಿ, ಮೆತ್ತಗೆ ಕೂಗೋ ಜಾತಿಗಳು ಎಷ್ಟೋ ಸಲ ಆ ನಾಯ್ಸ್ ಫೋಲ್ಡರ್‌ನಲ್ಲೇ ಇರ್ತಾವೆ. ಎರಡೂ ಕಡೆ ಮೈಕ್ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಯಾವ ದಿಕ್ಕಿಗಿತ್ತು, ಟ್ರಿಗರ್ ಸೆಟ್ಟಿಂಗ್ (ಎಷ್ಟು ಜೋರು ಶಬ್ದಕ್ಕೆ ರೆಕಾರ್ಡಿಂಗ್ ಶುರುವಾಗಬೇಕು ಅನ್ನೋದು) ಒಂದೇ ಇತ್ತಾ, ಇಷ್ಟು ಕಾಮೆಂಟ್‌ನಲ್ಲಿ ಹಾಕಿ, ಯಾವ ರಾತ್ರಿಗಳನ್ನ ಲೆಕ್ಕಕ್ಕೆ ತಗೋಬಹುದು ಅಂತ ಒಟ್ಟಿಗೆ ನೋಡೋಣ.