ಮನೆ ಹತ್ತಿರದ ಕ್ಲಿನಿಕ್ಕು ಸುರಕ್ಷಿತವೇ ಎಂದು ತಿಳಿಯುವುದು ಹೇಗೆ?

ತಂದೆಯ ಬಿಪಿ, ಶುಗರ್‌ಗೂ ಮಗುವಿನ ಲಸಿಕೆಗೂ ಬೀದಿ ಕೊನೆಯ ಕ್ಲಿನಿಕ್ಕಿಗೇ ಹೋಗುತ್ತೇವೆ, ಅಲ್ಲಿ ಎಲ್ಲ ಸರಿಯಿದೆಯೇ ಎಂದು ನಮ್ಮಂಥವರು ಹೇಗೆ ನೋಡುವುದು ಎಂದು ಕೇಳಿದ್ದೀರಿ. ಟೈಲ್ಸ್, ಎಸಿ ನೋಡಿ ತೀರ್ಮಾನಿಸಬೇಡಿ. ನಾನಾದರೆ ಮೊದಲು ಸೂಜಿಯ ಮೇಲೆ ಕಣ್ಣಿಡುತ್ತೇನೆ.

ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರೇ ಹರಿಯಬೇಕು. ಚುಚ್ಚಿದ ಮೇಲೆ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ನರ್ಸ್‌ಗಳ ಬೆರಳಿಗೆ ಸೂಜಿ ಚುಚ್ಚುವುದು ಹೆಚ್ಚಾಗಿ ಆಗಲೇ. ಕೈಯಳತೆಯಲ್ಲೇ ನೀಡಲ್ ಕಟರ್ ಇರಬೇಕು. ಕತ್ತರಿಸಿದ ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಪ್ಲಾಸ್ಟಿಕ್ ಸಿರಿಂಜು ಕೆಂಪು ಚೀಲಕ್ಕೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ ಹೋಗಬೇಕು. ಇದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ. ಎಲ್ಲವೂ ಒಂದೇ ಬಕೆಟ್ಟಿಗೆ ಬೀಳುತ್ತಿದ್ದರೆ, ಕಣ್ಣಿಗೆ ಕಾಣದ ಕಡೆಯೂ ಶಿಸ್ತು ಅಷ್ಟಕ್ಕಷ್ಟೇ ಎಂದುಕೊಳ್ಳಿ.

ಹಲವರಿಗೆ ಬಳಸುವ ಔಷಧದ ಸೀಸೆಯನ್ನೂ ಗಮನಿಸಿ. ಪದೇ ಪದೇ ಚುಚ್ಚುವುದೇಕೆ ಎಂದು ರಬ್ಬರ್ ಬಿರಡೆಯಲ್ಲೇ ಒಂದು ಸೂಜಿ ಸಿಕ್ಕಿಸಿ ಬಿಡುವುದು ಕೆಟ್ಟ ಅಭ್ಯಾಸ. ರೋಗಾಣುಗಳಿಗೆ ಅದು ತೆರೆದ ಬಾಗಿಲು. ಸೀಸೆ ತೆರೆದ ದಿನಾಂಕ ಅದರ ಮೇಲಿರಬೇಕು. ತಯಾರಕರು ಬೇರೆ ಅವಧಿ ಹೇಳಿರದಿದ್ದರೆ 28 ದಿನಕ್ಕೆ ಎಸೆಯಬೇಕು. ಸೂಜಿ ಬದಲಿಸಿ ಅದೇ ಸಿರಿಂಜನ್ನು ಇನ್ನೊಬ್ಬರಿಗೆ ಬಳಸುವುದಂತೂ ಕೂಡದು, ಏಕೆಂದರೆ ರಕ್ತದ ಅಂಶ ಸಿರಿಂಜಿನ ಕೊಳವೆಯೊಳಗೂ ಸೇರಿರಬಹುದು. ಶುಗರ್ ನೋಡಲು ಬೆರಳು ಚುಚ್ಚುವ ಪೆನ್ನಿಗೂ ಇದೇ ಮಾತು: ಒಬ್ಬರ ಪೆನ್ನು ಇನ್ನೊಬ್ಬರಿಗೆ ಬೇಡ. ಕ್ಲಿನಿಕ್ಕಿನಲ್ಲಿ ಒಮ್ಮೆ ಬಳಸಿ ಎಸೆಯುವ ಲ್ಯಾನ್ಸೆಟ್ಟೇ (ಬೆರಳು ಚುಚ್ಚುವ ಪುಟ್ಟ ಸೂಜಿ) ಸರಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಬಲ್ಲದು.

ಇಂಜೆಕ್ಷನ್ ಕೊಡುವ ಜಾಗದಲ್ಲಿ ಅಡ್ರಿನಲಿನ್ ಇರಲೇಬೇಕು. ಅಪರೂಪಕ್ಕೆ ಇಂಜೆಕ್ಷನ್ ಒಗ್ಗದೆ ಉಸಿರು ಕಟ್ಟಿ ಬಿಪಿ ಕುಸಿದರೆ, ಮೊದಲು ಕೊಡಬೇಕಾದದ್ದು ಅದನ್ನೇ. ವಯಸ್ಕರಿಗೆ 1 ಮಿಲೀಗೆ 1 ಮಿಗ್ರಾಂ ಇರುವ ಆಂಪೂಲಿನಿಂದ ಅರ್ಧ ಮಿಲೀ, ತೊಡೆಯ ಹೊರಬದಿಯ ಸ್ನಾಯುವಿಗೆ. "ಅಡ್ರಿನಲಿನ್ ಇಟ್ಟಿದ್ದೀರಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುವುದೂ ಈ ಕಾರಣಕ್ಕೇ.

ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಒಳಗೆ ಥರ್ಮಾಮೀಟರ್, ಹೊರಗೆ ದಿನಕ್ಕೆರಡು ಬಾರಿ ತಾಪಮಾನ ಬರೆದ ಪಟ್ಟಿ. ಕರೆಂಟು ಹೋಗಿ ಬಿಸಿಯಾದೀತು ಎಂದಷ್ಟೇ ಜನ ಹೆದರುತ್ತಾರೆ. ಆದರೆ ಹೆಪಟೈಟಿಸ್ ಬಿ, ಪೆಂಟಾವೇಲೆಂಟ್‌ (ಐದು ರೋಗಗಳಿಗೆ ಒಂದೇ ಚುಚ್ಚು) ಥರದ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಸೀಸೆಯ ಮೇಲಿನ ವಿವಿಎಂ (ವ್ಯಾಕ್ಸಿನ್ ವಯಲ್ ಮಾನಿಟರ್) ಗುರುತು, ಅಂದರೆ ವೃತ್ತದೊಳಗಿನ ಚೌಕ, ಬಿಸಿ ತಾಗಿದ್ದನ್ನು ತೋರಿಸುತ್ತದೆಯೇ ಹೊರತು ಹೆಪ್ಪುಗಟ್ಟಿದ್ದನ್ನಲ್ಲ. ಹಾಗಾಗಿ ಲಸಿಕೆ ಫ್ರೀಜರ್‌ಗೆ ತಾಗಿಕೊಂಡಿದ್ದರೆ, ಬಾಗಿಲಿನಲ್ಲಿದ್ದರೆ, ಅಥವಾ ಅದೇ ಫ್ರಿಜ್ಜಿನಲ್ಲಿ ಊಟದ ಡಬ್ಬಿಯೂ ಇದ್ದರೆ ಬೇರೆ ಕಡೆ ಹಾಕಿಸಿ.

ತಂದೆಯವರ ಬಿಪಿ ನೋಡುವ ಮುನ್ನ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ.

ಹೆಸರಿಲ್ಲದ ಬಿಡಿ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿಕೊಡುವ ಕಡೆ ಹೋಗಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮಂಡಿನೋವು ಎರಡೇ ದಿನಕ್ಕೆ ಇಳಿದೀತು, ಶುಗರ್ ಮಾತ್ರ ಏರುತ್ತದೆ. ಚೀಟಿಯಲ್ಲಿ ಓದಲು ಬರುವ ಔಷಧದ ಹೆಸರು, ಪ್ರಮಾಣ, ಎಷ್ಟು ದಿನ ಎಂಬುದು, ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಸುಸ್ತು ಎಂದೊಡನೆ ಗ್ಲೂಕೋಸ್ ಬಾಟಲಿ ಹಾಕಿ ಎಂದು ನಾವೇ ಒತ್ತಾಯಿಸುವುದನ್ನೂ ಬಿಡಬೇಕು. ಬಾಯಲ್ಲಿ ಕುಡಿಯಬಲ್ಲವರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಾಯಿಸಿ, ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಗೋಡೆಯ ಮೇಲೆ ಅದಿಲ್ಲದಿದ್ದರೆ ಕೇಳಿ. ತಪ್ಪು ಕಂಡರೆ ಮೊದಲು ವೈದ್ಯರಿಗೇ ನೇರವಾಗಿ ಹೇಳಿ. ಎಷ್ಟೋ ಸಲ ಸಹಾಯಕರು ಮಾಡುವುದು ಅವರ ಗಮನಕ್ಕೆ ಬಂದಿರುವುದಿಲ್ಲ. ಸರಿಹೋಗದಿದ್ದರೆ ದಿನಾಂಕ, ಸಮಯ, ಕಂಡದ್ದನ್ನು ಬರೆದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.