ಕೇಳದವರ ಪಗಾರ

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ಬಂದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ತೊಗರಿ ಆವಕ ಜೋರಾಗಿದ್ದ ಜನವರಿ. ಕಲಬುರಗಿಯ ಬೇಳೆ ಮಿಲ್ ಮಾಲೀಕರೊಬ್ಬರು ಬಂದರು. ವಯಸ್ಸು 54. ಮೂರು ವಾರದಿಂದ ನಿದ್ದೆ ಇಲ್ಲ, ಎದೆ ಭಾರ. ಇಸಿಜಿ ಸರಿಯಾಗಿತ್ತು, ಅದಕ್ಕೇ ಡಾಕ್ಟರು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದ್ದರು.

ಅರ್ಧ ಗಂಟೆ ಬರೀ ಕ್ವಿಂಟಲ್ ರೇಟಿನ ಮಾತು. ಆಮೇಲೆ ಮೆಲ್ಲಗೆ ಅಂದರು: "ನಮ್ಮ ಮುನೀಮರು ಮಾತು ಬಿಟ್ಟಾರ್ರಿ."

ಮುನೀಮರು, ಅಂದರೆ ಮಿಲ್ಲಿನ ಲೆಕ್ಕ ನೋಡುವವರು, 22 ವರ್ಷದಿಂದ ಇದ್ದಾರೆ, ತಿಂಗಳ ಪಗಾರ 17,500. ದೀಪಾವಳಿಗೆ ಸೇರಿದ, ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಜಿಎಸ್‌ಟಿ ಗೊತ್ತಿರುವ ಹುಡುಗನಿಗೆ 22,000. ಪಗಾರದ ಪಟ್ಟಿ ಪ್ರಿಂಟರ್ ಮೇಲೇ ಉಳಿದಿತ್ತು, ಮುನೀಮರು ನೋಡಿಬಿಟ್ಟರು. ತಿಜೋರಿಯ ಚಾವಿ ಇಷ್ಟು ವರ್ಷ ಅವರ ಸೊಂಟದಲ್ಲೇ ಮನೆಗೆ ಹೋಗುತ್ತಿತ್ತು. ಮರುದಿನದಿಂದ ಸಂಜೆ ಅದನ್ನು ಮಾಲೀಕರ ಟೇಬಲ್ ಮೇಲೆ ಇಟ್ಟು, ಏನೂ ಹೇಳದೆ ಹೊರಡುತ್ತಿದ್ದಾರೆ.

"ನಾ ಏನ್ ಕಮ್ಮಿ ಮಾಡೀನ್ರಿ? ಮಗಳ ಮದುವಿಗೆ ಬಡ್ಡಿ ಇಲ್ದ ಸಾಲ ಕೊಟ್ಟೀನಿ. ಒಂದಿನನೂ ಪಗಾರ ಜಾಸ್ತಿ ಮಾಡ್ರಿ ಅಂತ ಅವ್ರು ಕೇಳಿಲ್ರಿ."

"ಕೇಳಿದವರಿಗೆ ಮಾಡಿದ್ದೀರಾ?" ಅಂದೆ.

ತುಂಬಾ ಹೊತ್ತು ಸುಮ್ಮನಿದ್ದರು. ಮೂವರು ಕೇಳಿದ್ದರು, ಮೂವರಿಗೂ ಆಗಿತ್ತು. ಅವರ ನಿದ್ದೆ ಕೆಡಿಸಿದ್ದು ಮುನೀಮರ ಮೌನ ಅಲ್ಲ, ಈ ಲೆಕ್ಕ ಒಳಗೆಲ್ಲೋ ಗೊತ್ತಿದ್ದದ್ದು ಅಂತ ನನಗನಿಸಿತು. ಹಾಗಂತ ಅವರಿಗೇ ಹೇಳಿದೆ. ಕಣ್ಣು ಒರೆಸಿಕೊಂಡರು.

ಆ ದಿನವೇ ಹೋಗಿ ಕ್ಷಮೆ ಕೇಳುವ ಆತುರ ಅವರದು. ಬೇಡ ಅಂದೆ. ಕೈಯಲ್ಲಿ ಲೆಕ್ಕ ಇಲ್ಲದೆ ಕೇಳಿದ ಕ್ಷಮೆ ಇನ್ನೊಂದು ಉಪಕಾರದ ಹಾಗೆ ಕೇಳಿಸುತ್ತದೆ.

ಅವರು ಮೊಬೈಲಿನಲ್ಲಿ ಬೆಂಗಳೂರಿನ ಅಕೌಂಟೆಂಟ್ ಪಗಾರ ನೋಡಿ ಹೆದರಿದ್ದರು. ಮುನೀಮರು ನಾಳೆ ಕೆಲಸ ಬಿಟ್ಟರೆ ಎಲ್ಲಿಗೆ ಹೋಗುತ್ತಾರೆ? ಇಲ್ಲಿನ ಧಾನ್ಯದ ಪೇಟೆ ನೆಹರು ಗಂಜ್‌ನ ಇನ್ನೊಂದು ಅಂಗಡಿಗೆ, ಇನ್ನೊಂದು ಮಿಲ್ಲಿಗೆ. ಅವರ ಮಾರುಕಟ್ಟೆ ಅದು. ಹುಡುಗ ಹೈದರಾಬಾದಿಗೂ ಹೋಗಬಲ್ಲ, ಅವನ ಮಾರುಕಟ್ಟೆ ದೊಡ್ಡದು. ಅವನಿಗೆ ಜಾಸ್ತಿ ಕೊಟ್ಟದ್ದು ತಪ್ಪಲ್ಲ. ಹಳಬರ ಪಗಾರವನ್ನು ವರ್ಷಗಟ್ಟಲೆ ಯಾವುದರ ಜೊತೆಗೂ ಹೋಲಿಸದೆ ಬಿಟ್ಟದ್ದು ತಪ್ಪು.

ಮುನೀಮರು ಏನೇನು ಮಾಡುತ್ತಾರೆ ಬರೆಯಿರಿ ಅಂದೆ. ಖರೀದಿ ಪಟ್ಟಿ, ತೂಕ, ಹಮಾಲರ ಬಟವಾಡೆ, ದಲಾಲರ ಲೆಕ್ಕ, ಬ್ಯಾಂಕು. ಇದೇ ಕೆಲಸ ಮಾಡುವವರಿಗೆ, ಅವರನ್ನು ಏನಂತ ಕರೆದರೂ ಸರಿ, ನಿಮ್ಮಷ್ಟೇ ದೊಡ್ಡ ಮಿಲ್ಲುಗಳಲ್ಲಿ ಎಷ್ಟು ಕೊಡುತ್ತಾರೆ ಕೇಳಿ. ಪಿಎಫ್ ಕಡಿತಕ್ಕೆ ಮುಂಚಿನ ಮೊತ್ತ ಕೇಳಿ, ಬೋನಸ್ ಬೇರೆ ಬರೆಯಿರಿ. ಇಲ್ಲದಿದ್ದರೆ ಒಬ್ಬರದು ಕೈಗೆ ಬರುವ ಹಣ, ಇನ್ನೊಬ್ಬರದು ಒಟ್ಟು ಪಗಾರ ಆಗಿ ಲೆಕ್ಕ ಕೆಡುತ್ತದೆ.

ಏಳು ಅಂಕಿ ತಂದರು, ಸಾವಿರದಲ್ಲಿ: 16, 18, 19, 21, 22, 24, 41. ಸರಾಸರಿ 23,000 ಬರುತ್ತದೆ. ಆದರೆ 41 ತೆಗೆದುಕೊಳ್ಳುವವರು ಆ ಮಿಲ್ಲಿನ ಮಾಲೀಕರ ಭಾವಮೈದ, ವ್ಯಾಪಾರವೇ ಅವರ ಕೈಯಲ್ಲಿದೆ. ಅದಕ್ಕೇ ನಡುವಿನ ಅಂಕಿ ಹಿಡಿಯಬೇಕು: 21,000. ಅದರ ಪ್ರತಿ ರೂಪಾಯಿಗೆ ಮುನೀಮರಿಗೆ ಸಿಗುತ್ತಿದ್ದದ್ದು 83 ಪೈಸೆ. ಮಾಲೀಕರೇ ಕ್ಯಾಲ್ಕುಲೇಟರ್ ಒತ್ತಿ ನೋಡಿದರು, ಎರಡು ಸಲ. ಮದುವೆ ಸಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂದರು. ಕಟ್ಟದೆ ಉಳಿಸಿದ ಬಡ್ಡಿಯಷ್ಟೇ ಅವರಿಗೆ ಲಾಭ, ಅಸಲು ತೀರಿಸುತ್ತಿದ್ದಾರಲ್ವಾ ಅಂದೆ.

ಎಲ್ಲರಿಗೂ ಒಟ್ಟಿಗೆ ಏರಿಸುವ ಶಕ್ತಿ ಮಿಲ್ಲಿಗಿರಲಿಲ್ಲ. ಯಾರಿಲ್ಲದಿದ್ದರೆ ಮಿಲ್ಲು ನಿಲ್ಲುತ್ತದೋ ಅವರಿಗೆ ಮೊದಲು, ಅಂದರೆ ಮುನೀಮರಿಗೆ ಮತ್ತು ಮಷಿನ್ ಮಿಸ್ತ್ರಿಗೆ. ಉಳಿದವರನ್ನು ಎರಡು ಸುಗ್ಗಿಯೊಳಗೆ ನಡುವಿನ ರೇಟಿಗೆ ತರೋಣ ಅಂತ ಮಾತಾಯಿತು.

ಖುಷಿಯಲ್ಲಿ ಮುನೀಮರಿಗೆ 21,500 ಮಾಡುತ್ತೇನೆ ಅಂದರು. ತಡೆದೆ. ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಪಗಾರದ ಮಿತಿ 21,000. ಅದನ್ನು ದಾಟಿದರೆ, ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ವಂತಿಗೆ ನಿಲ್ಲುತ್ತದೆ, ಸ್ವಲ್ಪ ಕಾಲದ ನಂತರ ಸೌಲಭ್ಯವೂ ನಿಲ್ಲುತ್ತದೆ. ಮುನೀಮರ ಹೆಂಡತಿಗೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲೇ ಚಿಕಿತ್ಸೆ. 500 ರೂಪಾಯಿಗೆ ಅದನ್ನು ಕಳೆಯುವುದಾ? ಅವರನ್ನೇ ಕೇಳಿ ತೀರ್ಮಾನಿಸಿ ಅಂದೆ. ಮುನೀಮರು 21,000 ಸಾಕು ಅಂದರಂತೆ.

ಹೇಗೆ ಹೇಳಬೇಕು ಅನ್ನುವುದನ್ನು ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ಸಾಲದ ಮಾತು ಬೇಡ, "ನಿಮ್ಮ ಮೇಲಿನ ಪ್ರೀತಿಗೆ" ಅನ್ನುವುದೂ ಬೇಡ. "ಗಂಜ್‌ನಾಗ ಈ ಕೆಲಸಕ್ಕ ಇಷ್ಟು ನಡೀತದ. ನಾ ತಡ ಮಾಡಿ ನೋಡ್ದೆ, ತಪ್ಪು ನಂದು." ಅಷ್ಟೇ.

ಈಗ ಮಾಲೀಕರಿಗೆ ಐದು ಗಂಟೆ ನಿದ್ದೆ ಬರುತ್ತಿದೆ. ಮುನೀಮರು ಚಹಾ ಹೊತ್ತಿಗೆ ಎದುರು ಕೂರುತ್ತಾರೆ. ಚಾವಿ ಮಾತ್ರ ಇನ್ನೂ ಟೇಬಲ್ ಮೇಲೇ ಉಳಿಯುತ್ತಿದೆ. ಅದನ್ನು ಒಯ್ಯಿರಿ ಅಂತ ಹೇಳಲಾ ಅಂತ ಹೋದ ವಾರ ಫೋನಿನಲ್ಲಿ ಕೇಳಿದರು. ಹೇಳಬೇಡಿ ಅಂದಿದ್ದೇನೆ.