ದೊಡ್ಡ ಸಂಘಕ್ಕೆ ಈಗಲೇ ಸೇರಬೇಕಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ವಕೀಲಿ ಶುರು ಮಾಡಿದ್ದೇನೆ ಮೇಡಂ. ಟ್ರೇಡ್‌ಮಾರ್ಕ್ ಕೆಲಸ ಇಷ್ಟ. ಆ ಕ್ಷೇತ್ರದವರ ಪರಿಚಯ ಇಲ್ಲ. ಸಾಲ ಮಾಡಿಯಾದರೂ ‘ಇಂಟಾ’ ಸೇರಲೇ?
– ಕಿರಿಯ ವಕೀಲೆ

ಉತ್ತರ: ಸಾಲ ಮಾತ್ರ ಬೇಡಮ್ಮ. ಇಂಟಾ 1878ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಟ್ರೇಡ್‌ಮಾರ್ಕ್ ಸಂಘ. ಅಲ್ಲಿ ಕಂಪನಿಗಳು, ವಕೀಲಿ ಸಂಸ್ಥೆಗಳದ್ದೇ ಜಾಸ್ತಿ ಓಡಾಟ. ವಿದೇಶಿ ಕಂಪನಿಗೆ ಇಲ್ಲಿ ನೋಂದಣಿ ಬೇಕಾದರೆ ಇಲ್ಲಿನ ವಕೀಲರು ಬೇಕು. ನಮ್ಮ ಕಕ್ಷಿದಾರರಿಗೆ ಹೊರದೇಶದಲ್ಲಿ ಬೇಕಾದರೆ ಅಲ್ಲಿನವರು ಬೇಕು. ಆ ಸಭೆಗಳ ಜೀವಾಳವೇ ಈ ಕೊಡುಕೊಳ್ಳುವಿಕೆ. ಅಂಥ ಕಕ್ಷಿದಾರರು ಬಂದ ಮೇಲೆ ಸೇರಿ.

ನನಗೆ 1897ರ ಎಐಪಿಪಿಐ ಹೆಚ್ಚು ಇಷ್ಟ. ಅದು ಟ್ರೇಡ್‌ಮಾರ್ಕ್, ಪೇಟೆಂಟ್‌ನಂಥ ಬೌದ್ಧಿಕ ಆಸ್ತಿಯ ಅಂತರರಾಷ್ಟ್ರೀಯ ಸಂಘ. ಅದಕ್ಕೆ ಭಾರತದಲ್ಲೂ ಗುಂಪಿದೆ. ಒಂದೇ ಕಾನೂನು ಪ್ರಶ್ನೆಗೆ ಬೇರೆ ಬೇರೆ ದೇಶದವರು ಉತ್ತರ ಬರೆದು ಚರ್ಚಿಸುತ್ತಾರೆ. ಜೊತೆಗೆ ಕೂತು ಬರೆದವರ ನೆನಪು ಉಳಿಯುತ್ತದೆ, ಸುಮ್ನೆ ಕಾರ್ಡ್ ಕೊಟ್ಟವರದ್ದಲ್ಲ.

ಅದಕ್ಕೂ ಮೊದಲು ನಿಮ್ಮ ಸುತ್ತ ನೋಡಿ. ಧಾರವಾಡ ಪೇಡಾ, ಇಳಕಲ್ ಸೀರೆ ಎರಡಕ್ಕೂ ಭೌಗೋಳಿಕ ಸೂಚಿ (ಜಿಐ), ಅಂದರೆ ಊರಿನ ಹೆಸರಿನ ವಿಶೇಷ ವಸ್ತುವಿಗೆ ಸಿಗುವ ಕಾನೂನು ರಕ್ಷಣೆ ಇದೆ, ಅಲ್ವಾ? ಹೆಸರು ನೋಂದಣಿಯಾದರೆ ಸಾಲದು. ತಯಾರಕರು, ನೇಕಾರರು ತಾವೂ ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬೇಕು. ನೇಕಾರರ ಸಂಘ ಕರೆದರೆ ಹೋಗಿ ಇದನ್ನು ವಿವರಿಸಿ. ಕೇಸು ಕೊಡಿ ಎಂದು ಮಾತ್ರ ಕೇಳಬೇಡಿ. ಬಾರ್ ಕೌನ್ಸಿಲ್‌ನ 36ನೇ ನಿಯಮ ಅದಕ್ಕೆ ಅಡ್ಡ ಬರುತ್ತದೆ.

ಪೇಟೆಂಟ್ ಬಗ್ಗೆಯೂ ಆಸೆಯಿದ್ದರೆ, ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಬರೀ ಎಲ್‌ಎಲ್‌ಬಿ ಸಾಲದು.